ಬಣ್ಣ ತಪ್ಪಿದ ಹಕ್ಕಿಗೊಂದು ದುರ್ಬೀನು: ಒಂದೂವರೆ ವರ್ಷದ ಬಳಕೆಯ ನಂತರ

ಈ ದುರ್ಬೀನನ್ನು ಕೊಳ್ಳುವುದಕ್ಕೆ ಕಾರಣವಾದದ್ದು ಒಂದು ಹೆಣ್ಣು ನವಿಲು. ಆಚೆ ವರ್ಷದ ಡಿಸೆಂಬರಿನಲ್ಲಿ, ಬನವಾಸಿ ರಸ್ತೆಯ ಕಡೆ ಗದ್ದೆ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪ ಬೆಳಗಿನ ಆರೂವರೆಗೇ ಫೋನು ಮಾಡಿ, "ತಮಾ, ಗದ್ದೆಗೆ ಬಿಳಿ ನವಿಲು ಬೈಂದು, ನೋಡಲೆ ಬಾ" ಎಂದರು. ಶಿರಸಿಯಿಂದ ಸ್ಕೂಟರಿನಲ್ಲಿ ಹೊರಟು ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಇಬ್ಬನಿ ಇನ್ನೂ ಪೂರ್ತಿ ಹರಿದಿರಲಿಲ್ಲ. ಕೊಯ್ದ ಗದ್ದೆಯ ಆಚೆಯ ಬದುವಿನ ಮೇಲೆ, ಏಳುತ್ತಿರುವ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಂತಿದ್ದ ಹಕ್ಕಿ ಬರಿಗಣ್ಣಿಗೂ ಬೆಳ್ಳಗೆ ಕಾಣುತ್ತಿತ್ತು. ಆಗ ನನ್ನ ಬಳಿ ಇದ್ದದ್ದು ಜಾತ್ರೆ ಪೇಟೆಯಲ್ಲಿ ಕೊಂಡ, ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವ, ಮೈಮೇಲೆ 20×50 ಎಂದು ಬರೆದುಕೊಂಡಿದ್ದ ಒಂದು ದುರ್ಬೀನು. ಅದರಲ್ಲಿ ನೋಡಿ ಬಿಳಿಯೇ ಹೌದು ಎಂದು ನಾನು ತೀರ್ಪು ಕೊಟ್ಟೆ, ಊರಿನ ಐದಾರು ಮನೆಗೆ ಸುದ್ದಿಯನ್ನೂ ಮುಟ್ಟಿಸಿದೆ. ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಹುಡುಗ ಗದ್ದೆಯ ಪೂರ್ವದ ಬದಿಯಿಂದ, ಅಂದರೆ ಬಿಸಿಲನ್ನು ತನ್ನ ಬೆನ್ನಿಗಿಟ್ಟುಕೊಂಡು, ತೆಗೆದ ಫೋಟೊ ತಂದು ತೋರಿಸಿದ. ಕಂದು ಬೆನ್ನು, ಹಸಿರು ಹೊಳಪಿನ ಕತ್ತು, ಬಿಳಿ ಹೊಟ್ಟೆ: ಯಾವ ವಿಶೇಷವೂ ಇಲ್ಲದ ಹೇಂಟೆ ನವಿಲು.

ಆ ಮುಜುಗರದ ಫಲವಾಗಿ ಮುಂದಿನ ಜನವರಿಯಲ್ಲಿ 16,500 ರೂಪಾಯಿ ಕೊಟ್ಟು ಒಂದು 8×42 ದುರ್ಬೀನನ್ನು ತರಿಸಿಕೊಂಡೆ. ಈಗ ಅದಕ್ಕೆ ಒಂದೂವರೆ ವರ್ಷವಾಯಿತು. ನಡುವೆ ಒಂದು ಮಳೆಗಾಲ ಪೂರ್ತಿ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಇದೇ ಅಳತೆಯ ದುರ್ಬೀನುಗಳು ಇದೇ ಬೆಲೆಗೆ ನಾಲ್ಕಾರು ಹೆಸರಿನಲ್ಲಿ ಸಿಗುತ್ತವೆ, ಅವುಗಳ ಒಳಗಿನ ರಚನೆಯೂ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ನಾನು ಪರಾಮರ್ಶಿಸುತ್ತಿರುವುದು ಆ ವರ್ಗದ ದುರ್ಬೀನನ್ನು, ಅದೂ ಒಂದೇ ಕೆಲಸಕ್ಕೆ ಸಂಬಂಧಿಸಿದಂತೆ: ಮಾಮೂಲಿನ ಬಣ್ಣ ಬಿಟ್ಟು ಹುಟ್ಟಿದ ಹಕ್ಕಿಯನ್ನು ಗುರುತಿಸುವುದಕ್ಕೆ. ಹಕ್ಕಿಯ ಜಾತಿಯನ್ನು ಗುರುತಿಸುವಾಗ ಆಕಾರ, ನಡಿಗೆ, ಕೂಗು ಎಲ್ಲವೂ ನೆರವಿಗೆ ಬರುತ್ತವೆ, ಆದ್ದರಿಂದ ಗಾಜು ತುಸು ಸುಳ್ಳು ಹೇಳಿದರೂ ನಡೆಯುತ್ತದೆ. ಬಣ್ಣವೇ ಪ್ರಶ್ನೆಯಾದಾಗ ಮಾತ್ರ ಗಾಜು ಸುಳ್ಳು ಹೇಳುವಂತಿಲ್ಲ.

ಹಳೆಯ ದುರ್ಬೀನು ಏಕೆ ಮೋಸ ಮಾಡಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೆಂಪಾಗಿ ಹೊಳೆಯುವ ಗಾಜು ಎಂದರೆ ಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುವ ಲೇಪವಿರುವ ಗಾಜು. ಹೊರಗೆ ಕೆಂಪು ಹೊಳೆದಷ್ಟೂ ಕಣ್ಣಿಗೆ ತಲುಪುವ ಕೆಂಪು ಕಡಿಮೆಯಾಗುತ್ತದೆ, ಹೀಗಾಗಿ ಒಳಗಿನ ನೋಟ ಹಸಿರು ಬೆರೆತ ನೀಲಿಯ ಕಡೆಗೆ ವಾಲುತ್ತದೆ. ಹೇಂಟೆ ನವಿಲಿನ ಬೆನ್ನಿನ ಕಂದು ಬಣ್ಣದಿಂದ ಕೆಂಪಂಶವನ್ನು ಕಳೆದರೆ ಉಳಿಯುವುದು ಒಂದು ಬಗೆಯ ಬೂದು. ಅದರ ಮೇಲೆ ಎದುರು ಬಿಸಿಲಿನ ಪ್ರಭೆ ಬಿದ್ದರೆ ಆ ಬೂದು ಬಿಳಿಯಾಗಿ ಕಾಣುತ್ತದೆ. ಇನ್ನು 20×50 ಎಂಬ ಬರಹವನ್ನೇ ನಂಬಿದರೂ, ಐವತ್ತನ್ನು ಇಪ್ಪತ್ತರಿಂದ ಭಾಗಿಸಿದರೆ ಕಣ್ಣಿನೊಳಗೆ ಹೋಗುವ ಬೆಳಕಿನ ಕಂಬದ ಅಗಲ ಎರಡೂವರೆ ಮಿಲಿಮೀಟರ್ ಮಾತ್ರ. ಮಸುಕು ಬೆಳಗಿನಲ್ಲಿ ನಮ್ಮ ಕಣ್ಣಿನ ಪಾಪೆ ಅದಕ್ಕಿಂತ ಬಹಳ ದೊಡ್ಡದಾಗಿ ಅರಳಿರುತ್ತದೆ, ಆದರೆ ಅರಳಿದ್ದಕ್ಕೆ ತಕ್ಕ ಬೆಳಕು ಸಿಗುವುದಿಲ್ಲ. ಬೆಳಕು ಕಡಿಮೆಯಾದಾಗ ಕಣ್ಣು ಮೊದಲು ಕಳೆದುಕೊಳ್ಳುವುದು ಬಣ್ಣದ ವಿವೇಚನೆಯನ್ನೇ.

ಹೊಸದು 8×42. ಎಂಟು ಎಂದರೆ ವರ್ಧನೆ, ನಲವತ್ತೆರಡು ಎಂದರೆ ಮುಂದಿನ ಗಾಜಿನ ಅಡ್ಡಳತೆ ಮಿಲಿಮೀಟರಿನಲ್ಲಿ, ಭಾಗಿಸಿದರೆ 5.25. ಇದು ಐವತ್ತು ದಾಟಿದ ನನ್ನಂಥವರ ಕಣ್ಣು ನಸುಕಿನಲ್ಲಿ ಎಷ್ಟು ಅರಳಬಲ್ಲದೋ ಹೆಚ್ಚುಕಡಿಮೆ ಅಷ್ಟೇ. 10×42 ಕೊಂಡಿದ್ದರೆ ಇದೇ ಲೆಕ್ಕ 4.2ಕ್ಕೆ ಇಳಿಯುತ್ತಿತ್ತು, ಜೊತೆಗೆ ಕೈಯ ನಡುಕವೂ ಹತ್ತು ಪಟ್ಟಾಗುತ್ತಿತ್ತು. ಅಂಗಡಿಯವರು ಹತ್ತರದ್ದನ್ನೇ ಒತ್ತಾಯಿಸುತ್ತಾರೆ, ಏಕೆಂದರೆ ಗಿರಾಕಿ ಕೇಳುವುದೇ "ಎಷ್ಟು ದೂರ ಕಾಣ್ತದೆ?" ಎಂದು. ಎಂಬತ್ತು ಮೀಟರ್ ದೂರದ ಹಕ್ಕಿಯನ್ನು ಎಂಟು ಪಟ್ಟಿನದು ಹತ್ತು ಮೀಟರಿಗೆ ತಂದುಕೊಡುತ್ತದೆ. ಹತ್ತು ಮೀಟರಿನಲ್ಲಿರುವ ನವಿಲಿನ ಬಣ್ಣ ಹೇಳಲಾಗದಿದ್ದರೆ ತಪ್ಪು ವರ್ಧನೆಯದಲ್ಲ.

ದುರ್ಬೀನು ಬಂದ ದಿನ ನಾನು ಮಾಡಿದ ಪರೀಕ್ಷೆಗಳಿಗೆ ಕಾಡಿಗೆ ಹೋಗಬೇಕಾಗಲಿಲ್ಲ. ಮನೆಯ ಮುಂದೆ ತಂತಿಯ ಮೇಲೆ ಒಣಗಲು ಹಾಕಿದ್ದ ಬಿಳಿ ಪಂಚೆಯನ್ನು, ದುರ್ಬೀನನ್ನು ತಿರುಗಾಮುರುಗಾ ಹಿಡಿದು ದೊಡ್ಡ ಗಾಜಿನ ಕಡೆಯಿಂದ ನೋಡಿದೆ. ಹೀಗೆ ನೋಡಿದಾಗ ಸಣ್ಣದೊಂದು ವೃತ್ತದಲ್ಲಿ ಬಟ್ಟೆ ಕಾಣುತ್ತದೆ, ಆ ವೃತ್ತದ ಸುತ್ತ ಬರಿಗಣ್ಣಿಗೂ ಅದೇ ಬಟ್ಟೆ ಕಾಣುತ್ತಿರುತ್ತದೆ. ಎರಡರ ನಡುವಿನ ಅಂತರ ತಟ್ಟನೆ ಕಣ್ಣಿಗೆ ಬೀಳುತ್ತದೆ. ಹಳೆಯದರಲ್ಲಿ ಪಂಚೆಗೆ ನೀಲಿ ಹೆಚ್ಚಾಗಿ ಹಾಕಿದಂತಿತ್ತು. ಹೊಸದರಲ್ಲಿ ಅತಿ ಸೂಕ್ಷ್ಮವಾದ ಹಳದಿ ಛಾಯೆಯೊಂದು ಕಂಡಿತು, ಹೊಸ ಪಂಚೆಗೂ ನಾಲ್ಕು ಸಲ ಒಗೆದ ಪಂಚೆಗೂ ಇರುವಷ್ಟು ವ್ಯತ್ಯಾಸ. ಇದನ್ನು ದೋಷವೆಂದೇ ಲೆಕ್ಕ ಹಾಕುತ್ತೇನೆ, ಆದರೆ ಕ್ಷಮಿಸಬಹುದಾದ ದೋಷ.

ಎರಡನೆಯ ಪರೀಕ್ಷೆ ಅಡಿಕೆ ಬೆಳೆಯುವವರಿಗಷ್ಟೇ ಸಾಧ್ಯವಾದದ್ದು. ಅಂಗಳದಲ್ಲಿ ಬೇಯಿಸಿದ ಕೆಂಪಡಿಕೆ ಹರವಿತ್ತು. ಶಿರಸಿಯ ಮಾರುಕಟ್ಟೆಗೆ ಅಡಿಕೆ ಒಯ್ದವರಿಗೆಲ್ಲ ಗೊತ್ತಿರುವಂತೆ ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕ, ಚಾಲಿ ಎಂದು ದರ ಬೇರೆ ಬೇರೆಯಾಗುವಲ್ಲಿ ಬಣ್ಣದ ಪಾತ್ರ ದೊಡ್ಡದು, ಹಾಗಾಗಿ ನಮ್ಮ ಕಣ್ಣು ಕೆಂಪು ಮತ್ತು ಕಂದಿನ ನಡುವಿನ ಮೆಟ್ಟಿಲುಗಳನ್ನು ಚೆನ್ನಾಗಿ ಬಲ್ಲದು. ಜಗುಲಿಯಿಂದ ಹಳೆಯ ದುರ್ಬೀನಿನಲ್ಲಿ ನೋಡಿದರೆ ಒಳ್ಳೆಯ ರಾಶಿ ಅಡಿಕೆಯೂ ಕೋಕದಂತೆ ಕಪ್ಪಡರಿ ಕಾಣಿಸಿತು. ಹೊಸದರಲ್ಲಿ ಕೆಂಪು ಕೆಂಪಾಗಿಯೇ ಇತ್ತು, ಎರಡು ದಿನ ಹೆಚ್ಚು ಒಣಗಿದ ತಟ್ಟಿಗೂ ನಿನ್ನೆ ಹರವಿದ ತಟ್ಟಿಗೂ ಇರುವ ಭೇದ ಹದಿನೈದು ಅಡಿಯಿಂದ ಸ್ಪಷ್ಟವಾಗಿತ್ತು. ಜಾಹೀರಾತಿನಲ್ಲಿ ಬರೆದುಕೊಳ್ಳುವ ಫೇಸ್ ಕೋಟಿಂಗ್, ಬಾಕ್-4 ಪ್ರಿಸಂ ಮುಂತಾದ ಮಾತುಗಳಿಗಿಂತ ಈ ಅಂಗಳದ ತೀರ್ಪಿನ ಮೇಲೆ ನನಗೆ ಹೆಚ್ಚಿನ ಭರವಸೆ.

ಮೂರನೆಯ ಪರೀಕ್ಷೆಯಲ್ಲಿ ಇದು ಪೂರ್ತಿ ಗೆಲ್ಲಲಿಲ್ಲ. ಅಡಿಕೆ ಮರದ ತುದಿಯ ಹೆಡೆಯ ಮೇಲೆ, ಬಿಳಿ ಆಕಾಶದ ಎದುರು ಕುಳಿತ ಕಾಗೆಯನ್ನು ನೋಡಿದಾಗ ಅದರ ಬೆನ್ನಿನ ಗೆರೆಗುಂಟ ನೇರಳೆಯ ತೆಳು ಅಂಚು, ಹೊಟ್ಟೆಯ ಕಡೆ ಹಸಿರಿನ ಅಂಚು ಕಾಣುತ್ತದೆ. ಗಾಜಿನ ಮೂಲಕ ಹಾದುಹೋಗುವಾಗ ಬೇರೆ ಬೇರೆ ಬಣ್ಣದ ಬೆಳಕು ಒಂದೇ ಬಿಂದುವಿನಲ್ಲಿ ಸೇರದಿರುವುದೇ ಇದಕ್ಕೆ ಕಾರಣ. ಇದನ್ನು ಕಡಿಮೆ ಮಾಡಲು ಇ.ಡಿ. ಗಾಜು ಬಳಸುತ್ತಾರೆ, ಆಗ ಬೆಲೆ ಮೇಲಕ್ಕೆ ಹೋಗುತ್ತದೆ. ಹಕ್ಕಿಯನ್ನು ನೋಟದ ನಡುವಿಗೆ ತಂದರೆ ಅಂಚು ಬಹುಪಾಲು ಮಾಯವಾಗುತ್ತದೆ. ಆದರೂ ಆಕಾಶದ ಎದುರು ಕುಳಿತ ಹಕ್ಕಿಯ ಅಂಚಿನ ಗರಿಗಳ ಬಣ್ಣದ ಬಗ್ಗೆ ಈ ದುರ್ಬೀನನ್ನು ನಂಬಿ ನಾನು ಯಾರೊಂದಿಗೂ ವಾದ ಮಾಡುವುದಿಲ್ಲ.

ಇದರ ನಿಜವಾದ ಸತ್ವ ಗೊತ್ತಾದದ್ದು ಅದೇ ವರ್ಷದ ಏಪ್ರಿಲಿನಲ್ಲಿ, ಬೋಸ್ಟನ್ನಿನ ಪಕ್ಕದ ಬ್ರೂಕ್‌ಲೈನಿನಲ್ಲಿರುವ ಮಗಳ ಮನೆಗೆ ಹೋದಾಗ. ಕಾಡು ಟರ್ಕಿ ಕೋಳಿಗಳು ಅಲ್ಲಿ ಬೀದಿಯಲ್ಲೇ ತಿರುಗುತ್ತವೆ ಎಂದು ಮಗಳು ಹೇಳಿದಾಗ ನಾನು ನಂಬಿರಲಿಲ್ಲ. ಎರಡನೆಯ ದಿನ ಮನೆಯ ಮೆಟ್ಟಿಲ ಮುಂದೆಯೇ ಒಂದು ಹುಂಜ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಗಳನ್ನು ಕಾಲುದಾರಿಯ ಸಿಮೆಂಟಿಗೆ ಸವರುತ್ತ ಠೀವಿಯಿಂದ ನಡೆಯುತ್ತಿತ್ತು. ಅದರ ಬೋಳು ತಲೆ ನೋಡುತ್ತಿರುವಂತೆಯೇ ಕೆಂಪಿನಿಂದ ನೀಲಿ ಬೆರೆತ ಬಿಳಿಗೆ ತಿರುಗಿತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕೊನೆಯ ಮೂಲ ಕಾಡು ಟರ್ಕಿಯನ್ನು 1851ರಲ್ಲಿ ಕೊಂದರಂತೆ. 1972-73ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ 37 ಹಕ್ಕಿಗಳನ್ನು ಹಿಡಿದು ತಂದು ಅಲ್ಲಿನ ಬರ್ಕ್‌ಷೈರ್ ಗುಡ್ಡಗಳಲ್ಲಿ ಬಿಟ್ಟರು. ಈಗ ಬೀದಿ ತುಂಬ ಕಾಣುವುದು ಆ ಪ್ರಯತ್ನದ ಸಂತತಿ. ನಮ್ಮ ಬಯಲುಸೀಮೆಯ ಅಂಚಿನಿಂದ ನವಿಲುಗಳು ಶಿರಸಿ, ಮುಂಡಗೋಡದ ಗದ್ದೆಗಳಿಗೆ ಹರಡಿಕೊಂಡದ್ದನ್ನು ನೋಡಿದವನಿಗೆ ಈ ಬಗೆಯ ಹಕ್ಕಿಗಳ ಹಠ ಹೊಸದೇನಲ್ಲ.

ನಾನು ಕೇಳಿದ್ದು ಬಣ್ಣದ ಮಾತನ್ನು. ಮಾಮೂಲಿ ಕಾಡು ಟರ್ಕಿ ದೂರಕ್ಕೆ ಕಪ್ಪು. ಹತ್ತಿರಕ್ಕೆ ತಾಮ್ರ, ಕಂಚು, ಹಸಿರುಗಳೆಲ್ಲ ಹೊಳೆಯುವ ಗರಿ. ಈ ಹೊಳಪು ವರ್ಣದ್ರವ್ಯದ್ದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಒಡೆದು ಬರುವಂಥದ್ದು, ನವಿಲಿನ ಕತ್ತಿನ ನೀಲಿಯ ಹಾಗೆಯೇ. ಇದರಲ್ಲಿ ಬಣ್ಣ ತಪ್ಪಿದವು ನಾಲ್ಕು ಬಗೆ ಎಂದು ಅಲ್ಲಿನವರು ಹೇಳುತ್ತಾರೆ: ಬೂದಿಯ ಮೇಲೆ ಹೊಗೆ ಕವಿದಂತೆ ಕಾಣುವ ಸ್ಮೋಕ್, ಪೂರ್ತಿ ಕಪ್ಪಡರಿದ್ದು, ಇಟ್ಟಿಗೆಯಂತೆ ಕೆಂಪಡರಿದ್ದು, ಕೊನೆಗೆ ಅತಿ ವಿರಳವಾದ, ಕಣ್ಣೂ ಗುಲಾಬಿಯಾಗಿರುವ ನಿಜ ಆಲ್ಬಿನೋ. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಸ್ಮೋಕ್, ಅದೂ ಹೇಂಟೆಗಳಲ್ಲಿ. ತಂದೆ ತಾಯಿ ಇಬ್ಬರಲ್ಲೂ ಅಡಗಿರುವ ಗುಣವೊಂದು ಮರಿಯಲ್ಲಿ ಕೂಡಿದಾಗ ಹೀಗೆ ಹುಟ್ಟುತ್ತದೆ. ನಮ್ಮಲ್ಲಿ ದಾಂಡೇಲಿ ಕಡೆಯ ಕಾಳಿ ಹುಲಿ ಅಭಯಾರಣ್ಯದ ಕರಿಚಿರತೆಯದ್ದೂ ಇದೇ ಕಥೆ. ಅದು ಬೇರೆ ಪ್ರಾಣಿಯಲ್ಲ, ಕಪ್ಪಾಗಿ ಹುಟ್ಟಿದ ಮಾಮೂಲಿ ಚಿರತೆ.

ಹನ್ನೆರಡನೆಯ ದಿನ ಅಂಥ ಒಂದು ಹೇಂಟೆ ಸಿಕ್ಕಿತು. ಕೆರೆಯೊಂದರ ಪಕ್ಕದ ಮರಗಳಲ್ಲಿ ರಾತ್ರಿ ಕಳೆಯುವ ಟರ್ಕಿಗಳು ಬೆಳಕು ಹರಿಯುವ ಹೊತ್ತಿಗೆ ಒಂದೊಂದಾಗಿ ಧೊಪ್ಪೆಂದು ಕೆಳಗಿಳಿಯುವುದನ್ನು ನೋಡಲು ಹೋಗಿದ್ದೆವು. ಏಳು ಹಕ್ಕಿಗಳ ಗುಂಪಿನಲ್ಲಿ ಒಂದು ಮಾತ್ರ ಆ ಮಬ್ಬಿನಲ್ಲಿ ತೇಲುತ್ತಿರುವಂತೆ ಬೆಳ್ಳಗಿತ್ತು. ಪಕ್ಕದಲ್ಲಿ ನಾಯಿಯೊಂದಿಗೆ ನಿಂತಿದ್ದ ಹಿರಿಯರೊಬ್ಬರು ಅದು ಯಾರದೋ ಸಾಕಣೆಯಿಂದ ತಪ್ಪಿಸಿಕೊಂಡ ಬಿಳಿ ಟರ್ಕಿ ಇರಬೇಕೆಂದರು. ನನಗೆ ದೊಡ್ಡಪ್ಪನ ಗದ್ದೆ ನೆನಪಾಯಿತು, ಹೀಗಾಗಿ ಬಾಯಿ ಮುಚ್ಚಿಕೊಂಡು ಕಾಲು ಗಂಟೆ ಗಾಜಿನಲ್ಲೇ ಕಣ್ಣಿಟ್ಟೆ. ಸುಮಾರು ನಲವತ್ತು ಮೀಟರಿನ ದೂರ. ಮೊದಲು ಕಂಡದ್ದು ಎದೆಯ ಪ್ರತಿಯೊಂದು ಗರಿಯ ತುದಿಗೂ ಇದ್ದ ಕಪ್ಪು ಅಂಚು, ಮಸಿ ಹತ್ತಿದ ಬೆರಳಿನಿಂದ ಒಂದೊಂದನ್ನೇ ಒತ್ತಿದಂತೆ. ಆಮೇಲೆ ಬಾಲ ತುಸು ಬಿಚ್ಚಿದಾಗ ಬಿಳಿಯ ನಡುವೆ ತಿಳಿಗಂದಿನ ಪಟ್ಟೆ. ಕೊನೆಗೆ ತಲೆ ಇತ್ತ ತಿರುಗಿದಾಗ ಕಣ್ಣು: ಕಪ್ಪು, ಗುಲಾಬಿಯಲ್ಲ. ಸಾಕಿದ ಬಿಳಿ ಟರ್ಕಿ ಪೂರ್ತಿ ಬಿಳಿ ಗರಿಯದ್ದು, ಎದೆ ಭಾರವಾಗಿ ನಡಿಗೆ ತೊನೆಯುವಂಥದ್ದು. ಇದೋ, ತನ್ನ ಗುಂಪಿನ ಉಳಿದ ಆರರಷ್ಟೇ ತೆಳ್ಳಗೆ, ಉದ್ದ ಕಾಲಿನದು. ಹಿರಿಯರಿಗೆ ದುರ್ಬೀನನ್ನು ಕೊಟ್ಟೆ. ಅವರು ನೋಡಿ, ಎಷ್ಟು ಕೊಟ್ಟೆ ಎಂದು ಬೆಲೆ ಕೇಳಿದರು.

ಆ ಬೆಳಗಿನಲ್ಲಿ ಈ ದುರ್ಬೀನಿನ ಎರಡು ಸಂಗತಿ ಮನದಟ್ಟಾದವು. ಒಂದು, 5.25 ಎಂಬ ಆ ಸಂಖ್ಯೆ ಕಾಗದದ ಮೇಲಿನದ್ದಲ್ಲ. ಬರಿಗಣ್ಣಿಗೆ ಬಣ್ಣವೇ ತಿಳಿಯದ ಹೊತ್ತಿನಲ್ಲಿ ತಿಳಿಗಂದು ಮತ್ತು ಬೂದು ಬೇರೆ ಬೇರೆಯಾಗಿ ಕಂಡವು. ಇನ್ನೊಂದು, ಚಳಿಗೆ ಇದರ ಫೋಕಸ್ ಚಕ್ರ ಬಿಗಿಯುತ್ತದೆ. ಶಿರಸಿಯ ಡಿಸೆಂಬರಿನಲ್ಲೂ ಅನುಭವಕ್ಕೆ ಬಾರದ ಈ ತೊಂದರೆ ಅಲ್ಲಿನ ಏಪ್ರಿಲಿನ ಚಳಿಯಲ್ಲಿ ಬೆರಳಿಗೆ ಚೆನ್ನಾಗಿ ಗೊತ್ತಾಯಿತು: ಹಕ್ಕಿ ನಡೆಯುತ್ತಿದ್ದರೆ ಚಕ್ರ ಹಿಂದೆ ಬೀಳುತ್ತದೆ. ಗ್ರೀಸಿನ ಗುಣ ಅದು. ನಮ್ಮ ಊರಿನ ಓದುಗರು ಇದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಊರಿಗೆ ಬಂದ ಮೇಲೆ ಕರಾವಳಿಯಲ್ಲಿ ಇದನ್ನು ಇನ್ನೊಂದು ಬಗೆಯ ಬಿಳಿಗೆ ಒಡ್ಡಿದೆ. 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಬಳಚು ಹೆಕ್ಕುವವರ ನಡುವೆಯೇ ಬೆಳ್ಳಕ್ಕಿಗಳು ಓಡಾಡುತ್ತವೆ. ಅವುಗಳಲ್ಲಿ ವೆಸ್ಟರ್ನ್ ರೀಫ್ ಈಗ್ರೆಟ್ ಎಂಬ ಕಡಲ ಬೆಳ್ಳಕ್ಕಿಯೂ ಇರುತ್ತದೆ. ಇದರ ವಿಶೇಷವೆಂದರೆ ಒಂದೇ ಜಾತಿಯಲ್ಲಿ ಎರಡು ಬಣ್ಣ: ಒಂದು ಬಿಳಿ ಗಂಟಲಿನ ಕಡುಬೂದು, ಇನ್ನೊಂದು ಅಚ್ಚ ಬಿಳಿ. ಇಲ್ಲಿ ಬಣ್ಣ ತಪ್ಪಿದ್ದೆನ್ನಲು ಏನೂ ಇಲ್ಲ, ಎರಡೂ ಅದರ ಮಾಮೂಲಿ ಬಣ್ಣವೇ. ನಮ್ಮ ತೋಟಗಳಿಗೆ ಚಳಿಗಾಲದಲ್ಲಿ ಬರುವ ರಾಜಹಕ್ಕಿಯ ಗಂಡಿನಲ್ಲಿ ಬಿಳಿಯದೂ ಕಂದುಗೆಂಪಿನದೂ ಇರುವಂತೆ. ಬೂದು ಬಣ್ಣದ್ದನ್ನು ಯಾರಾದರೂ ಗುರುತಿಸುತ್ತಾರೆ. ಬಿಳಿಯದು ಸಣ್ಣ ಬೆಳ್ಳಕ್ಕಿಯ ಜೊತೆ ನಿಂತಾಗ ತೊಡಕು. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು ಮತ್ತು ತೆಳು. ಕಡಲಿನದರ ಕೊಕ್ಕು ತುಸು ದಪ್ಪ, ಹಳದಿ ಬೆರೆತ ಕಂದು. ತದಡಿಯ ಧಕ್ಕೆಯ ಮೇಲೆ ನಿಂತು, ಮಧ್ಯಾಹ್ನದ ನೀರಿನ ಪ್ರತಿಫಲನದಲ್ಲಿ, ಆ ಕಂದನ್ನು ಕಪ್ಪಿನಿಂದ ಬೇರ್ಪಡಿಸಲು ನನಗೆ ಸಾಧ್ಯವಾಯಿತು, ಆದರೆ ಸುಲಭವಾಗಿ ಅಲ್ಲ. ಎದುರು ನೀರು ಕುದಿಯುವಂತೆ ಹೊಳೆಯುತ್ತಿದ್ದಾಗ ನೋಟದ ಕೆಳಭಾಗದಲ್ಲಿ ಹಾಲಿನಂಥ ಮಬ್ಬು ಕವಿಯಿತು. ಅಂಗೈಯನ್ನು ಮುಂದಿನ ಗಾಜಿನ ಮೇಲೆ ಸೂರಿನಂತೆ ಚಾಚಿದರೆ ಅರ್ಧ ಕಡಿಮೆಯಾಯಿತು. ಕಡಲಂಚಿನಲ್ಲಿ ಮಧ್ಯಾಹ್ನ ನೋಡುವುದೇ ನಿಮ್ಮ ಮುಖ್ಯ ಕೆಲಸವಾದರೆ, ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳುವುದು ಒಳ್ಳೆಯದು.

ಈಗ ಮಳೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ದುರ್ಬೀನಿನ ಆಯುಷ್ಯವನ್ನು ನಿರ್ಧರಿಸುವುದು ಕಂಪನಿಯ ವಾರಂಟಿ ಅಲ್ಲ, ಜೂನಿನಿಂದ ಸೆಪ್ಟೆಂಬರಿನವರೆಗಿನ ಬೂಷ್ಟು. ಚರ್ಮದ ಚಪ್ಪಲಿ, ಪೆಟಾರಿಯೊಳಗಿನ ಪುಸ್ತಕ, ಗೋಡೆಯ ಫೋಟೊ ಯಾವುದನ್ನೂ ಬಿಡದ ಅದು ಗಾಜನ್ನೂ ಬಿಡುವುದಿಲ್ಲ. ಜೇಡರ ಬಲೆಯಂಥ ಎಳೆಗಳಾಗಿ ಒಳಗಾಜಿಗೆ ಹಬ್ಬಿ, ಕ್ರಮೇಣ ಲೇಪವನ್ನೇ ತಿಂದುಹಾಕುತ್ತದೆ. ಹಳೆಯ ದುರ್ಬೀನಿಗೆ ಎರಡನೆಯ ಮಳೆಗಾಲದಲ್ಲೇ ಈ ಗತಿ ಬಂದಿತ್ತು. ಹೊಸದರ ಕೊಳವೆಗಳಿಗೆ ರಬ್ಬರಿನ ಮುದ್ರೆ ಹಾಕಿ ಒಳಗೆ ಸಾರಜನಕ ತುಂಬಿದ್ದಾರೆ, ಹಾಗಾಗಿ ತೇವ ಒಳಹೊಗುವುದಿಲ್ಲ. ಕೊಳೆರೋಗಕ್ಕೆ ಮದ್ದು ಹೊಡೆಸುವ ದಿನಗಳಲ್ಲಿ ತೋಟದಲ್ಲಿ ಕೊರಳಿಗೆ ಹಾಕಿಕೊಂಡೇ ಇದ್ದೆ, ಎರಡು ಸಲ ಪೂರ್ತಿ ನೆನೆಯಿತು, ಒಮ್ಮೆ ಮೈತುತ್ತದ ನೀಲಿ ಹನಿಗಳೂ ಬಿದ್ದವು. ಒಳಗಾಜು ಇಂದಿಗೂ ಸ್ವಚ್ಛವಾಗಿದೆ. ಆದರೂ ಹೊರಗಾಜಿಗೆ ಬೂಷ್ಟು ಬರಬಹುದಾದ್ದರಿಂದ, ರಾತ್ರಿ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡುತ್ತೇನೆ. ಜೆಲ್ಲಿನ ನೀಲಿ ಹರಳು ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದೆಂದು ಮನೆಯಲ್ಲಿ ಆಜ್ಞೆಯಾಗಿದೆ, ಅದು ಸರಿಯೂ ಹೌದು.

ದುರ್ಬೀನಿನೊಂದಿಗೆ ಬಂದ ಚೀಲ ಮಾತ್ರ ಯಾವ ಪ್ರಯೋಜನಕ್ಕೂ ಇಲ್ಲದ್ದು: ನೀರು ಕುಡಿದು ಮೂರು ದಿನ ಒಣಗುವುದಿಲ್ಲ, ಒಳಗೇ ಬೂಷ್ಟು ಸಾಕುತ್ತದೆ. ಕೊರಳ ಪಟ್ಟಿ ಕಿರಿದಾಗಿದ್ದು, 640 ಗ್ರಾಂ ತೂಕ ಒಂದು ಗಂಟೆಯ ನಂತರ ಕತ್ತಿನ ಹಿಂಬದಿಗೆ ಗೊತ್ತಾಗುತ್ತದೆ. ಮುಂದಿನ ಗಾಜಿನ ಮುಚ್ಚಳಗಳಲ್ಲಿ ಒಂದು ಸೊಪ್ಪಿನ ಬೆಟ್ಟದಲ್ಲಿ ಎಲ್ಲಿಯೋ ಬಿದ್ದು ಹೋಯಿತು. ಅದನ್ನು ಬದಲಿಸಿಕೊಡಿ ಎಂದು ಬರೆದ ಪತ್ರಕ್ಕೆ ಮಾರಾಟಗಾರರಿಂದ ಬಂದ ಉತ್ತರ, ಬಿಡಿ ಭಾಗಗಳು ಇಲ್ಲ, ಹೊಸ ದುರ್ಬೀನಿನ ಮೇಲೆ ರಿಯಾಯಿತಿ ಇದೆ ಎಂಬುದಾಗಿತ್ತು.

ಕಳೆದ ನವೆಂಬರಿನಲ್ಲಿ ದೊಡ್ಡಪ್ಪ ಮತ್ತೆ ಫೋನು ಮಾಡಿದರು. ಈ ಸಲ ಅವರ ದನಿಯಲ್ಲಿ ಹಿಂದಿನ ಉತ್ಸಾಹ ಇರಲಿಲ್ಲ, "ನೀನೇ ಬಂದು ನೋಡು, ನಾ ಎಂತೂ ಹೇಳ್ತ್ನಿಲ್ಲೆ" ಎಂದಷ್ಟೇ. ನಾನು ಈ ಸಲ ಪೂರ್ವದ ಬದಿಗೆ ಸುತ್ತಿ ಹೋಗಿ, ಹುಲ್ಲಿನ ಬಣವೆಯ ಮರೆಯಲ್ಲಿ ಕುಳಿತೆ. ಏಳೂಕಾಲರ ಹೊತ್ತಿಗೆ ಐದು ನವಿಲುಗಳು ಬೆಟ್ಟದಿಂದ ಇಳಿದವು. ನಾಲ್ಕನೆಯದು ಹೇಂಟೆ, ಅದರ ಎಡರೆಕ್ಕೆಯಲ್ಲಿ ಅಂಗೈಯಗಲದ ಬಿಳಿ, ಬಲರೆಕ್ಕೆಯಲ್ಲಿ ಮೂರೋ ನಾಲ್ಕೋ ಬಿಳಿ ಗರಿ, ಬೆನ್ನ ಮೇಲೆ ಹಿಟ್ಟು ಚೆಲ್ಲಿದಂತೆ ಚುಕ್ಕೆಗಳು. ಉಳಿದ ಮೈ ಮಾಮೂಲಿ ಕಂದು. ಕೊಳದ ಬಕ ಕುಳಿತಾಗ ಮಣ್ಣಿನ ಬಣ್ಣವಾಗಿದ್ದು ಹಾರಿದೊಡನೆ ಬಿಳಿಯಾಗುವಂತೆ, ಗಂಡು ನವಿಲು ರೆಕ್ಕೆ ಬಿಚ್ಚಿದಾಗ ಅದುವರೆಗೆ ಅಡಗಿದ್ದ ತಿಳಿಗಂದು ಗರಿ ಹೊರಬಿದ್ದು ಮೋಸ ಮಾಡುವುದುಂಟು. ಇಲ್ಲಿ ಹಾಗಾಗಲಿಲ್ಲ: ಅದು ರೆಕ್ಕೆ ಮಡಚಿ ನಿಂತಿತ್ತು, ಬಿಳಿ ಹೊರಗೇ ಇತ್ತು. ಅದು ತಲೆಯೆತ್ತಿ ನನ್ನ ಕಡೆ ನೋಡಿದಾಗ ಕಣ್ಣು ಕಡುಗಂದು, ಕೊಕ್ಕು ಮತ್ತು ಕಾಲಿನಲ್ಲಿ ಎಂದಿನ ಬಣ್ಣ.

ಅಂದರೆ ಇದು ಆಲ್ಬಿನೋ ಅಲ್ಲ. ಆಲ್ಬಿನೋದಲ್ಲಿ ಕರಿ ಬಣ್ಣದ ಮೆಲನಿನ್ ಮೈಯಲ್ಲಿ ಎಲ್ಲಿಯೂ ತಯಾರಾಗುವುದಿಲ್ಲ, ಕಣ್ಣಿನಲ್ಲಿಯೂ; ಆದ್ದರಿಂದ ಕಣ್ಣು ಗುಲಾಬಿ, ದೃಷ್ಟಿ ದುರ್ಬಲ, ಕಾಡಿನಲ್ಲಿ ಅದು ದೊಡ್ಡದಾಗುವುದೇ ಅಪರೂಪ. ಲ್ಯೂಸಿಸಂ ಎನ್ನುವ ಸ್ಥಿತಿಯಲ್ಲಿ ಬಣ್ಣದ ಜೀವಕೋಶಗಳು ಕೆಲವು ಭಾಗದ ಗರಿಗಳನ್ನು ತಲುಪುವುದೇ ಇಲ್ಲ, ಕಣ್ಣು ಮಾತ್ರ ಸರಿಯಾಗಿರುತ್ತದೆ. ಮೃಗಾಲಯಗಳಲ್ಲಿ ಕಾಣುವ ಪೂರ್ತಿ ಬಿಳಿ ನವಿಲುಗಳೂ ಆಲ್ಬಿನೋ ಅಲ್ಲ. ವಯಸ್ಸಾದಂತೆ ಅಥವಾ ಆಹಾರದ ಕೊರತೆಯಿಂದ ಗರಿ ಬೆಳ್ಳಗಾಗುವುದೂ ಉಂಟು, ಒಂದೇ ನೋಟದಲ್ಲಿ ಅದನ್ನು ಲ್ಯೂಸಿಸಂನಿಂದ ಬೇರ್ಪಡಿಸಲು ಯಾವ ಗಾಜಿನಿಂದಲೂ ಆಗದು. ಅದೇ ಹಕ್ಕಿಯನ್ನು ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ನೋಡಬೇಕು. ಕಾಡಂಚಿನ ಊರುಗಳಲ್ಲಿ ವಿಚಿತ್ರ ಬಣ್ಣದ ಕಾಡುಕೋಳಿ ಕಂಡರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಊರಕೋಳಿಯೊಂದಿಗೆ ಬೆರಕೆಯಾಗಿರುವ ಸಂಭವ ಯಾವಾಗಲೂ ಇರುತ್ತದೆ. ಆ ನಂಟು ಹಳೆಯದು: ಊರಕೋಳಿಯ ಹಳದಿ ಕಾಲಿನ ಗುಣ ನಮ್ಮ ಬೂದು ಕಾಡುಕೋಳಿಯಿಂದಲೇ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ.

ಆ ಬೆಳಿಗ್ಗೆ ದೊಡ್ಡಪ್ಪನೂ ಬಣವೆಯ ಹಿಂದೆ ಬಂದು ಕುಳಿತು, ಕನ್ನಡಕ ತೆಗೆಯದೆಯೇ ನೋಡಿದರು. ಇದು ಈ ದುರ್ಬೀನಿನ ಇನ್ನೊಂದು ಗುಣ: ಕಣ್ಣಿಗೆ ತಾಗುವ ರಬ್ಬರಿನ ಬಳೆಯನ್ನು ಒಳಕ್ಕೆ ತಿರುಗಿಸಿದರೆ ಕನ್ನಡಕ ಹಾಕಿಕೊಂಡೂ ಪೂರ್ತಿ ವೃತ್ತ ಕಾಣುತ್ತದೆ. ಎರಡು ಕಣ್ಣಿನ ದೃಷ್ಟಿ ಬೇರೆ ಬೇರೆ ಇದ್ದವರು ಬಲಗಣ್ಣಿನ ಕೊಳವೆಯಲ್ಲಿರುವ ಡಯಾಪ್ಟರ್ ಬಳೆಯನ್ನು ಒಮ್ಮೆ ಹೊಂದಿಸಿಕೊಳ್ಳಬೇಕು. ಅದಕ್ಕೆ ಬೀಗವಿಲ್ಲದಿರುವುದು ಇದರ ಕೊನೆಯ ದೋಷ. ಅಂದಿನಿಂದ ದೊಡ್ಡಪ್ಪ ತಿಂಗಳಿಗೆ ಎರಡು ಸಲವಾದರೂ ಇದನ್ನು ಒಯ್ಯುತ್ತಾರೆ, ಪ್ರತಿ ಸಲವೂ ಬಳೆ ಅವರ ಕಣ್ಣಿಗೆ ತಿರುಗಿಯೇ ವಾಪಸು ಬರುತ್ತದೆ. ಮಗಳು ಬಿಟ್ಟುಹೋದ ಉಗುರು ಬಣ್ಣದಿಂದ ಬಳೆಯ ಮೇಲೆ ನನ್ನ ಜಾಗಕ್ಕೊಂದು ಕೆಂಪು ಚುಕ್ಕೆ, ಅವರದಕ್ಕೊಂದು ಬಿಳಿ ಚುಕ್ಕೆ ಇಟ್ಟಿದ್ದೇನೆ.